ಹಳದಿ ಪುಕ್ಕದ ಕೋಳಿ

ನಮ್ಮ ಕಡೆ ಹಸುವಿನ ಕೊಂಬಿಗೆ ಬಣ್ಣ ಹಚ್ಚುವುದು ಸಂಕ್ರಾಂತಿಗೆ, ಹಚ್ಚಿದರೆ ಎರಡೂ ಕೊಂಬಿಗೆ ಹಚ್ಚುತ್ತಾರೆ. ಒಂದೇ ಕೊಂಬಿಗೆ ಬಣ್ಣ ಬಿದ್ದಿದೆ ಎಂದರೆ ಆ ಮನೆಯ ಗಂಡಸು ಹಸುವನ್ನು ಬಾಜಿಗೆ ಕಟ್ಟಿದ್ದಾನೆ ಎಂದು ಅರ್ಥ. ಈ ಎರಡನೆಯ ಪದ್ಧತಿಗೆ ಶಾಸ್ತ್ರ ಗೀಸ್ತ್ರ ಏನೂ ಇಲ್ಲ, ಈ ಬೇಸಿಗೆಯಲ್ಲಿ ನಮ್ಮೂರಿನ ಬುದ್ಧಿವಂತರು ಕಂಡುಹಿಡಿದದ್ದು.

ಹಿಂದಿನ ದಿನವಷ್ಟೇ ತನ್ನ ಗೆಳತಿ ಅಶ್ವತ್ಥಮ್ಮನ ಹಸುವಿನ ಗುಲಾಬಿ ಕೊಂಬು ನೋಡಿ ನಮ್ಮಮ್ಮ ಅನಸೂಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಮಾರನೆಯ ದಿನ ಬಂಗಾರಪೇಟೆಗೆ ಹೋಗಿ ಹಿಂಡಿ ಮೂಟೆ ತಂದು ಬಸ್ಸಿಳಿದು ಬಂದವಳು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟಳು. ನಮ್ಮ ಸಂಪಂಗಿಯ ಎಡಗೊಂಬು ನೀಲಿಯಾಗಿತ್ತು. ಬಣ್ಣ ಇನ್ನೂ ಹಸಿಯಾಗಿತ್ತು, ಸಂಪಂಗಿ ಅದನ್ನು ಗೋಡೆಗೆ ಉಜ್ಜಿ ಗೋಡೆಯನ್ನೂ ನೀಲಿ ಮಾಡಿತ್ತು.

“ನವ್ಯಾ, ನಿಮ್ಮಪ್ಪ ಎಲ್ಲೇ?” ಎಂದಳು ಅಮ್ಮ. ಧ್ವನಿ ಏರಿರಲಿಲ್ಲ. ಅಮ್ಮನ ಧ್ವನಿ ಏರದಿದ್ದರೆ ನಾವೆಲ್ಲ ಹುಷಾರಾಗಿರಬೇಕು.

ನವ್ಯ ಎಂದರೆ ನಾನೇ. ಬೂದಿಕೋಟೆ ಹೋಬಳಿಯ ನಮ್ಮೂರಲ್ಲಿ ಮಹಿಳಾ ಹಾಲಿನ ಡೈರಿ ಇದೆ, ಅಲ್ಲಿ ನಾನು ಟೆಸ್ಟರ್. ಬೆಳಿಗ್ಗೆ ಸಂಜೆ ಊರಿನ ಹೆಂಗಸರೆಲ್ಲ ತರುವ ಹಾಲನ್ನು ಮಿಷನ್ನಿಗೆ ಹಾಕಿ ಫ್ಯಾಟ್ ಎಷ್ಟು, ನೀರು ಎಷ್ಟು ಎಂದು ಹೇಳುವುದು ನನ್ನ ಕೆಲಸ. ನನ್ನ ಬಾಯಿ ಸ್ವಲ್ಪ ಜೋರು ಎನ್ನುತ್ತಾರೆ. ನೀರು ಬೆರೆಸಿದವರ ಮುಖಕ್ಕೇ ಹೇಳಬೇಕಾದ ಕೆಲಸದಲ್ಲಿ ಮೆತ್ತನೆಯ ಬಾಯಿ ಇಟ್ಟುಕೊಂಡು ಏನು ಮಾಡಲಿ?

ನಮ್ಮೂರಿನ ಗಂಡಸರಿಗೆ ಜೂಜಿನ ರುಚಿ ಹತ್ತಿಸಿದ್ದು ಫೋನು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನಾವು ಟೊಮೇಟೊ ಬೆಳೆಯುವ ಜನ. ಇವತ್ತು ಮಂಡಿಯಲ್ಲಿ ಒಂದು ಬಾಕ್ಸಿಗೆ ಬಂದ ರೇಟಿನಲ್ಲಿ ಬೈಕು ಕೊಳ್ಳಬಹುದು, ಬರುವ ತಿಂಗಳು ಅದೇ ಹಣ್ಣನ್ನು ರಸ್ತೆಗೆ ಸುರಿಯಬೇಕು. ಇಂಥದ್ದರಲ್ಲೇ ಹುಟ್ಟಿ ಬೆಳೆದವರಿಗೆ ಫೋನು ಹೊಸದೇನೂ ಕಲಿಸಲಿಲ್ಲ, ಮಂಡಿಯ ತನಕ ಹೋಗುವ ಶ್ರಮ ತಪ್ಪಿಸಿತು ಅಷ್ಟೆ. ಮೊದಲು ಕ್ರಿಕೆಟ್ಟು ಬಂತು. ಆಮೇಲೆ ರಮ್ಮಿ ಬಂತು. ಆಮೇಲೆ ಷೇರು ಬಂತು, ಅದೂ ಕೊಂಡು ಇಟ್ಟುಕೊಳ್ಳುವ ಷೇರಲ್ಲ, ಬೆಳಿಗ್ಗೆ ಏರುತ್ತದೋ ಮಧ್ಯಾಹ್ನ ಇಳಿಯುತ್ತದೋ ಎಂದು ಕಟ್ಟುವಂಥದ್ದು. ಅದರಲ್ಲಿ ಕೈ ಸುಟ್ಟುಕೊಂಡ ಮೇಲೆ ಮಳೆ ಬರುತ್ತದೋ ಇಲ್ಲವೋ, ಕಾಮಸಮುದ್ರದ ಬಸ್ಸು ಹೊತ್ತಿಗೆ ಸರಿಯಾಗಿ ಬರುತ್ತದೋ ಇಲ್ಲವೋ, ನಮ್ಮೂರಿನ ಗಿರಿಯ ಹೆಂಡತಿ ತವರಿನಿಂದ ಈ ವಾರ ಬರುತ್ತಾಳೋ ಮುಂದಿನ ವಾರವೋ ಎಂದು ಕಟ್ಟತೊಡಗಿದರು. ನಮ್ಮಪ್ಪ ಕದಿರಪ್ಪ ಎಲ್ಲದಕ್ಕೂ ಮುಂದು, ಎಲ್ಲದರಲ್ಲೂ ಸೋಲು.

ಹೀಗಿರುವಾಗ ಡೈರಿಯ ಅಧ್ಯಕ್ಷರ ಆಯ್ಕೆ ಬಂತು. ಆಡಳಿತ ಮಂಡಳಿಯಲ್ಲಿ ಹನ್ನೊಂದು ಹೆಂಗಸರು, ಅವರಲ್ಲೊಬ್ಬರು ಅಧ್ಯಕ್ಷರಾಗಬೇಕು. ಒಂದು ಕಡೆ ಮುನಿಸ್ವಾಮಪ್ಪನ ಹೆಂಡತಿ ಸುಮಲತ, ಇನ್ನೊಂದು ಕಡೆ ಗಿರಿಯ ಹೆಂಡತಿ ಶಶಿರೇಖ. ಐದು ಜನ ಆ ಕಡೆ, ಐದು ಜನ ಈ ಕಡೆ. ಹನ್ನೊಂದನೆಯವಳು ನಮ್ಮಮ್ಮ, ಅವಳು ಯಾವ ಕಡೆ ಎಂದು ಬಾಯಿ ಬಿಟ್ಟಿರಲಿಲ್ಲ.

ಹಿಂದಿನ ಸಲ ಆಯ್ಕೆಯಾದಾಗ ಊರಲ್ಲಿ ಜಗಳವಾಗಿತ್ತು, ಬೈದಾಡಿದ್ದರು. ಆದರೆ ಜಗಳ ಹಾಲಿನದಾಗಿತ್ತು. ಬಟವಾಡೆ ಯಾಕೆ ತಡ, ಹಿಂಡಿ ಯಾಕೆ ಕಳಪೆ, ಡಾಕ್ಟರು ಯಾಕೆ ಬರಲ್ಲ ಎಂದು ಕೇಳುತ್ತಿದ್ದರು. ಈ ಸಲ ಗಂಡಸರೆಲ್ಲ ಯಾರು ಗೆಲ್ಲುತ್ತಾರೆ ಎಂದು ಬಾಜಿ ಕಟ್ಟುವುದರಲ್ಲೇ ಮುಳುಗಿದ್ದರು, ಒಬ್ಬರಾದರೂ ಒಂದು ಪ್ರಶ್ನೆ ಕೇಳಲಿಲ್ಲ. ಅಮ್ಮ ಒಬ್ಬಳೇ ಇಬ್ಬರ ಮನೆಗೂ ಹೋಗಿ, ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕು ಹಾಕಿಸುತ್ತೀರಾ ಎಂದು ಕೇಳಿ ಬಂದಳು. ವ್ಯಾನು ತಡವಾದಾಗಲೆಲ್ಲ ಬೇಸಿಗೆಯಲ್ಲಿ ನಮ್ಮ ಹಾಲು ಒಡೆಯುತ್ತಿತ್ತು. ಸುಮಲತಳಾಗಲಿ ಶಶಿರೇಖಳಾಗಲಿ ಬಾಯಿ ತೆರೆಯುವ ಮೊದಲೇ ಅವರ ಗಂಡಂದಿರು ಉತ್ತರ ಕೊಟ್ಟಿದ್ದರು. ಮುನಿಸ್ವಾಮಪ್ಪ, “ಅದಿರ್ಲಿ ಅನಸೂಯಮ್ಮ, ಈಗ ನಮ್ ರೇಟು ಒಂದಕ್ಕೆ ಒಂದೂವರೆ ಐತೆ” ಎಂದನಂತೆ. ಗಿರಿ, “ಅಕ್ಕಾ, ನೀನು ಊಂ ಅಂದ್ರೆ ನಮ್ ರೇಟು ಮೇಲಕ್ ಓಯ್ತದೆ” ಎಂದನಂತೆ. ಅಮ್ಮ ಟ್ಯಾಂಕಿನ ವಿಷಯ ಕೇಳಿದ್ದೇ ತಪ್ಪು ಎನ್ನುವ ಹಾಗೆ ಮನೆಗೆ ಬಂದು ಪಾತ್ರೆ ತಿಕ್ಕಿದಳು.

ಈ ಬಾಜಿಗೆ ಯಜಮಾನ ಕೆ.ಜಿ.ಎಫ್.ನ ರಾಜ್‌ಕುಮಾರ್. ನಂದಿದುರ್ಗ ಗಣಿಯ ಲೈನು ಎಂಬ ಕೂಲಿಗಳ ಮನೆಸಾಲಿನ ಹುಡುಗ, ಒಳ್ಳೆಯ ಬೋರ್ಡ್ ಪೇಂಟರ್. ಅವನ ತಾತ ನೆಲದೊಳಕ್ಕೆ ಇಳಿದು ಚಿನ್ನ ತೋಡಿದವರು. ಫ್ಲೆಕ್ಸ್ ಬಂದು ಬೋರ್ಡು ಬರೆಸುವವರೇ ಇಲ್ಲವಾದ ಮೇಲೆ ಇವನು ಜನರ ಅದೃಷ್ಟ ತೋಡುವ ಕೆಲಸಕ್ಕೆ ಇಳಿದ. ದುಡ್ಡು ಕಟ್ಟಿಸಿಕೊಂಡರೆ ಪೊಲೀಸರ ಕಾಟ, ಆದ್ದರಿಂದ ಹಸು ಕಟ್ಟಿಸಿಕೊಳ್ಳುತ್ತಿದ್ದ. ಸುಮಲತಳ ಕಡೆಗೆ ನೀಲಿ, ಶಶಿರೇಖಳ ಕಡೆಗೆ ಗುಲಾಬಿ. ಕೈಯಲ್ಲಿ ಪೇಂಟಿನ ಕಲೆ ಇದ್ದೇ ಇತ್ತು, ಬ್ರಷ್ಷಿನ ನೆನಪೂ ಇತ್ತು, ಕೊಂಬಿಗೆ ಬಹಳ ಚೆನ್ನಾಗಿ ಬಳಿಯುತ್ತಿದ್ದ. ಅದನ್ನು ಮಾತ್ರ ಯಾರೂ ಅಲ್ಲಗಳೆಯುವ ಹಾಗಿಲ್ಲ.

ಸರಿ, ಅವತ್ತಿನ ಕತೆಗೆ ಬರುತ್ತೇನೆ. ಅಪ್ಪ ರಾಜ್‌ಕುಮಾರನನ್ನೂ ಮುನಿಸ್ವಾಮಪ್ಪನನ್ನೂ ಜೊತೆಗೆ ಕರೆದುಕೊಂಡೇ ಮನೆಗೆ ಬಂದ. ಗೋಡೆಗೆ ಉಜ್ಜಿಹೋದ ಕೊಂಬಿಗೆ ಇನ್ನೊಂದು ಕೋಟು ಬಳಿಯಬೇಕಿತ್ತಂತೆ.

“ಯಾರ ಅಸು ಅಂತ ಕಟ್ಟಿದ್ರಿ?” ಎಂದು ಅಮ್ಮ ಕೇಳಿದಳು.

“ನಮ್ದೇ ಕಣೇ” ಎಂದ ಅಪ್ಪ.

“ಕರು ಆಗಿದ್ದಾಗ ಇದ್ರ ಬಾಯಿಗೆ ಬೆರ್ಳು ಕೊಟ್ಟು ಆಲು ಕುಡಿಸ್ದೋಳು ಯಾರು? ಉಲ್ಲು ಒತ್ತು ತಂದೋಳು ಯಾರು? ಡೈರೀಲಿ ಯಾರ ಎಸ್ರಲ್ಲಿ ಆಲು ಓಯ್ತಾ ಐತೆ?”

“ಅಯ್ಯೋ, ಸೋತ್ರೆ ತಾನೆ ಓಗೋದು! ನೀನು ಸುಮಲತಮ್ಮಂಗೆ ಓಟ್ ಆಕ್ತೀಯ, ಆಯಮ್ಮ ಗೆಲ್ತದೆ, ನಮ್ ಅಸು ನಮ್ಗೆ, ಮೇಲೆ ಅಶ್ವತ್ಥಮ್ಮನ ಅಸೂನೂ ನಮ್ಗೆ. ಓಟು ನಮ್ ಮನೇಲೇ ಇಟ್ಕೊಂಡು ಬಾಜಿ ಕಟ್ದೆ ಇರಕ್ಕೆ ನಾನೇನು ದಡ್ಡನಾ?” ಎಂದು ಅಪ್ಪ ನಮ್ಮನ್ನೆಲ್ಲ ನೋಡಿ ನಕ್ಕ. ಬಹಳ ದಿನದಿಂದ ಸೋತು ಸೋತು ಸುಣ್ಣವಾಗಿದ್ದ ಮನುಷ್ಯ. ಈ ಸಲ ಬೆಳೆ, ಮಳೆ, ಕ್ರಿಕೆಟ್ಟು ಯಾವುದನ್ನೂ ನಂಬದೆ ಹೆಂಡತಿಯನ್ನು ನಂಬಿದ್ದ. ನಂಬಿದ್ದಕ್ಕೆ ಖುಷಿಪಡಬೇಕೋ, ಕೇಳದೆ ಕಟ್ಟಿದ್ದಕ್ಕೆ ಪೊರಕೆ ತೆಗೆದುಕೊಳ್ಳಬೇಕೋ ಎಂದು ನನಗೇ ಗೊತ್ತಾಗಲಿಲ್ಲ.

“ಅಶ್ವತ್ಥಮ್ಮನ ಅಸು ನಮ್ ಕೊಟ್ಟಿಗೇಲಿ ನಿಂತ್ರೆ ನಾನು ಅವಳ ಮಕ ಎಂಗೆ ನೋಡ್ಲಿ?” ಎಂದಳು ಅಮ್ಮ.

ಮುನಿಸ್ವಾಮಪ್ಪ ಕೆಮ್ಮಿದ. ಆಗ ಜಗಲಿಯ ಮೂಲೆಯಿಂದ ನಮ್ಮಜ್ಜಿ ಅಕ್ಕಯ್ಯಮ್ಮ ಕೂಗಿದಳು.

“ಏನ್ಲಾ ರಾಜ್‌ಕುಮಾರ, ನಾನೂ ಕಟ್ಬೋದೇನ್ಲಾ?”

ಅಜ್ಜಿ ಅಪ್ಪನ ತಾಯಿ. ಸೊಸೆಗೂ ಅವಳಿಗೂ ಬೆಳಗೆದ್ದರೆ ಒಂದು ಮಾತು ಬರಬೇಕು, ಇಲ್ಲದಿದ್ದರೆ ಇಬ್ಬರಿಗೂ ಮುದ್ದೆ ಇಳಿಯುವುದಿಲ್ಲ. ಸಾರಿಗೆ ಉಪ್ಪು ಕಮ್ಮಿ, ಕಸ ಗುಡಿಸಿದ್ದು ಸಾಲದು, ಹೀಗೆ. ಅಮ್ಮನ ಬಗ್ಗೆ ಅಜ್ಜಿ ಒಂದು ಒಳ್ಳೆಯ ಮಾತು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅಜ್ಜಿಗೆ ಈ ಲೋಕದಲ್ಲಿ ಸ್ವಂತದ್ದು ಎಂದರೆ ಒಂದು ಕರಿಯ ನಾಟಿ ಕೋಳಿ. ಅದರ ಮೊಟ್ಟೆ ಮಾರಿ ಎಲೆ ಅಡಿಕೆ ಹೊಗೆಸೊಪ್ಪು ತರಿಸಿಕೊಳ್ಳುತ್ತಾಳೆ, ಯಾರ ಹತ್ತಿರವೂ ಕೈ ಚಾಚುವುದಿಲ್ಲ. ಆ ಕೋಳಿಗೆ ಕಲ್ಲೆಸೆದ ಎಂದು ನಾಯಿ ಹಿಡಿಯುವವನ ಜೊತೆಗೆ ವಾರವೆಲ್ಲ ಜಗಳವಾಡಿದವಳು.

“ಕಟ್ಟು ಪಾಟಿ, ಯಾರು ಬೇಡ ಅಂದಿದ್ದು? ಬ್ಲೂವಾ, ಪಿಂಕಾ?” ಎಂದ, ಅಜ್ಜಿಯನ್ನು ತನ್ನ ತಮಿಳಿನಲ್ಲಿ ಪಾಟಿ ಎನ್ನುವ ರಾಜ್‌ಕುಮಾರ್.

“ಮೊದ್ಲು ನ್ಯಾಯ ಏಳು. ಗೆದ್ರೆ ಏನು ಸಿಕ್ತದೆ?”

“ಯಾರು ಗೆಲ್ತಾರೋ, ಆ ಎಸ್ರ ಮೇಲೆ ಕಟ್ಟಿರೋರಿಗೆ ಬಾಜಿಗಿಟ್ಟ ಎಲ್ಲಾ ಅಸೂನೂ. ಅಂಚ್ಕೊಳೋದು ಅವರವರ ಇಷ್ಟ. ನಂಗೆ ಕಮಿಷನ್. ಮಾತು ಅಂದ್ರೆ ಮಾತು, ನಮ್ ಲೈನಲ್ಲಿ ಯಾರ್ ಬೇಕಾದ್ರೂ ಕೇಳು ಪಾಟಿ.”

“ಅಂಗಾದ್ರೆ ನನ್ ಕೋಳಿ ಅನಸೂಯನ ಮೇಲೆ” ಎಂದಳು ಅಜ್ಜಿ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಮುನಿಸ್ವಾಮಪ್ಪ ನಕ್ಕ ನಗೆಗೆ ಸಂಪಂಗಿ ಬೆದರಿ ಹಗ್ಗ ಜಗ್ಗಿತು. ಅಪ್ಪನಂತೂ ಕಣ್ಣಲ್ಲಿ ನೀರು ಬರುವ ತನಕ ನಕ್ಕ. “ಅಮ್ಮಾ, ಇವಳು ನಿಂತೇ ಇಲ್ಲ ಕಣಮ್ಮೋ!”

“ನೀನು ಕಟ್ಟಿರೋ ಕ್ರಿಕೆಟ್ಟಲ್ಲಿ ನಿನ್ ಟೀಮು ನಿಂತಿತ್ತಲ್ಲ, ಏನಾಯ್ತು?” ಎಂದಳು ಅಜ್ಜಿ.

ರಾಜ್‌ಕುಮಾರ್ ತಮಾಷೆಗೆ ಒಪ್ಪಿದ. ನೀಲಿ ಬೇಡ, ಗುಲಾಬಿ ಬೇಡ, ನನ್ನ ಸೊಸೆಗೆ ಅರಿಶಿನದ ಬಣ್ಣ ಹಾಕು ಎಂದು ಅಜ್ಜಿ ಹಟ ಹಿಡಿದಳು. ಸ್ಕೂಟರ್ ಡಿಕ್ಕಿಯಲ್ಲಿ ಹಳೆಯ ಹಳದಿ ಪೇಂಟು ಇತ್ತು. ಕೋಳಿಗೆ ಕೊಂಬು ಇಲ್ಲವಲ್ಲ, ಬಾಲದ ಪುಕ್ಕಕ್ಕೆ ಬಳಿದ. ಕರಿಯ ಕೋಳಿ ಹಳದಿ ಬಾಲ ಎತ್ತಿಕೊಂಡು ಅಂಗಳದ ತುಂಬ ಓಡಾಡಿತು. ಊರಿಗೆ ಊರೇ ಎರಡು ದಿನ ಅದನ್ನು ನೋಡಲು ಬಂದು ನಕ್ಕಿತು. ಅಮ್ಮ ಮಾತ್ರ ನಗಲಿಲ್ಲ. ಅತ್ತೆ ಎಲ್ಲರೆದುರು ತನ್ನನ್ನು ಹಂಗಿಸಿದಳು ಎಂದೇ ಅವಳು ತಿಳಿದಳು, ಆ ರಾತ್ರಿ ಅಜ್ಜಿಯ ತಟ್ಟೆಗೆ ಮುದ್ದೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

ಆಮೇಲಿನ ದಿನಗಳಲ್ಲಿ ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುನಿಸ್ವಾಮಪ್ಪ ಸೀರೆ ತಂದಿಟ್ಟ, ಅಮ್ಮ ವಾಪಸ್ ಕಳಿಸಿದಳು. ಗಿರಿ ಬಂಗಾರಪೇಟೆಯಿಂದ ಮಿಠಾಯಿ ತಂದ, ಅದನ್ನು ನಾನು ವಾಪಸ್ ಕಳಿಸಲಿಲ್ಲ, ತಿಂದುಬಿಟ್ಟೆ. ಅಮ್ಮ ಬೆಳಿಗ್ಗೆ ಯಾರ ಮನೆಯ ಮುಂದೆ ನಿಂತು ಮಾತಾಡಿದಳು, ಯಾವ ಬಣ್ಣದ ಸೀರೆ ಉಟ್ಟಳು ಎಂಬುದರ ಮೇಲೆ ಕಟ್ಟೆಯಲ್ಲಿ ರೇಟು ಏರುತ್ತಿತ್ತು, ಇಳಿಯುತ್ತಿತ್ತು. ಒಂದು ದಿನ ಅಮ್ಮ ನೀಲಿ ಕುಪ್ಪಸ ಹಾಕಿದ್ದಕ್ಕೆ ಸಂಜೆಯೊಳಗೆ ಇನ್ನೂ ನಾಲ್ಕು ಹಸು ನೀಲಿಯಾದವು. ಒಗೆದ ಬೇರೆ ಕುಪ್ಪಸ ಒಣಗಿರಲಿಲ್ಲ, ಅಷ್ಟೇ ಅದರ ಕಾರಣ.

ಅಮ್ಮ ಸರಿಯಾಗಿ ಉಣ್ಣುತ್ತಿರಲಿಲ್ಲ. ಹಾಲು ಕರೆಯುವಾಗ ಸಂಪಂಗಿಯ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತಿರುತ್ತಿದ್ದಳು. ಸುಮಲತಳಿಗೆ ಓಟು ಹಾಕಿದರೆ ಹಸು ಉಳಿಯುತ್ತದೆ, ಅಶ್ವತ್ಥಮ್ಮನ ಸ್ನೇಹ ಹೋಗುತ್ತದೆ. ಶಶಿರೇಖಳಿಗೆ ಹಾಕಿದರೆ ಸ್ನೇಹ ಉಳಿಯುತ್ತದೆ, ಸಂಪಂಗಿ ಹೋಗುತ್ತದೆ. ಇಬ್ಬರಲ್ಲಿ ಯಾರಿಗೆ ಹಾಕಿದರೂ ಟ್ಯಾಂಕು ಬರುವುದಿಲ್ಲ. ನನಗೆ ಅಪ್ಪನ ಮೇಲೆ ಬಂದ ಸಿಟ್ಟನ್ನು ಇಲ್ಲಿ ಬರೆಯಲು ಮರ್ಯಾದೆ ಅಡ್ಡ ಬರುತ್ತದೆ.

ಆಯ್ಕೆಯ ಹಿಂದಿನ ದಿನ ಬೆಳಿಗ್ಗೆ ಹಾಲಿನ ವ್ಯಾನು ಬರಲಿಲ್ಲ. ಬೂದಿಕೋಟೆ ರಸ್ತೆಯಲ್ಲಿ ಟೈರು ಹೋಗಿದೆ ಎಂದು ಡ್ರೈವರ್ ಫೋನ್ ಮಾಡಿದ. ಬಿಸಿಲು ಏರುತ್ತಾ ಹೋಯಿತು. ತುಂಬಿಸಿಟ್ಟ ಕ್ಯಾನುಗಳಿಗೆ ಒದ್ದೆ ಗೋಣಿ ಸುತ್ತಿ ಹೆಂಗಸರೆಲ್ಲ ಡೈರಿಯ ಮುಂದೆ ಕೂತರು. ಗಂಡಸರು ಒಬ್ಬರೂ ಇರಲಿಲ್ಲ, ಎಲ್ಲರೂ ಕಟ್ಟೆಯಲ್ಲಿ ರೇಟು ನೋಡುತ್ತಿದ್ದರು. ಕೊನೆಗೆ ನಾನು ಒಂದು ಕ್ಯಾನಿನ ಮುಚ್ಚಳ ತೆಗೆದು ನೋಡಿದರೆ ಹಾಲು ಒಡೆದಿತ್ತು.

ಅಶ್ವತ್ಥಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡಳು. “ನಾಳೆಯಿಂದ ಒಡೆಯಕ್ಕೂ ಆಲಿರಲ್ಲ ಬಿಡು. ಅಸುವೇ ಓಯ್ತದಲ್ಲ.”

“ನಿನ್ನದು ಯಾಕೆ ಓಯ್ತದೆ? ನಂದೇ ಓಗೋದು” ಎಂದಳು ಇನ್ನೊಬ್ಬಳು. ಆಗ ಒಬ್ಬೊಬ್ಬರೇ ಬಾಯಿ ಬಿಟ್ಟರು. ಆಶ್ಚರ್ಯ ಏನೆಂದರೆ, ಅಲ್ಲಿ ಕೂತಿದ್ದ ಒಬ್ಬಳನ್ನೂ ಅವಳ ಗಂಡ ಕೇಳಿ ಹಸು ಕಟ್ಟಿರಲಿಲ್ಲ. ಡೈರಿಯಲ್ಲಿ ಸದಸ್ಯರು ಹೆಂಗಸರು, ಓಟು ಹೆಂಗಸರದು, ಹಸು ಹೆಂಗಸರ ಹೆಸರಲ್ಲಿ. ಬಾಜಿ ಮಾತ್ರ ಗಂಡಸರದು. ಇಷ್ಟು ದೊಡ್ಡ ಬಾಜಿ ಕಟ್ಟಿದ ಬುದ್ಧಿವಂತರಿಗೆ ಓಟು ಹಾಕುವವರನ್ನು ಒಂದು ಮಾತು ಕೇಳಬೇಕೆಂದು ಹೊಳೆದೇ ಇರಲಿಲ್ಲ!

“ಸುಮಲತಾ, ನಿಂಗೆ ಅಧ್ಯಕ್ಷೆ ಆಗ್ಬೇಕಾ?” ಎಂದು ಅಮ್ಮ ನೇರವಾಗಿ ಕೇಳಿದಳು.

ಸುಮಲತ ಸುತ್ತ ನೋಡಿದಳು. ಗಂಡ ಇಲ್ಲವೆಂದು ಖಾತ್ರಿಯಾದ ಮೇಲೆ, “ಅಯ್ಯೋ ದೇವುಡಾ, ಯಾರಿಗ್ಬೇಕಕ್ಕ? ಮೀಟಿಂಗಿಗೆ ಕೋಲಾರಕ್ಕೆ ಓಗ್ಬೇಕಂತೆ. ನಂಗೆ ಬಸ್ಸಲ್ಲಿ ಕೂತ್ರೆ ವಾಂತಿ ಬತ್ತದೆ” ಎಂದಳು.

“ಶಶೀ, ನಿಂಗೆ?”

“ಗೆದ್ರೆ ಸುಮಲತಕ್ಕನ ಮನೆಯೋರು ಮಾತು ಬಿಡ್ತಾರೆ, ಸೋತ್ರೆ ನಮ್ಮೆಜಮಾನ್ರು ಮಾತು ಬಿಡ್ತಾರೆ” ಎಂದಳು ಶಶಿರೇಖ. “ನಂಗೆ ಎರಡೂ ಬ್ಯಾಡ.”

ಅಮ್ಮ ಒದ್ದೆ ಗೋಣಿಯನ್ನು ಹಿಂಡಿ ಮತ್ತೆ ಕ್ಯಾನಿಗೆ ಸುತ್ತಿದಳು. ಆಮೇಲೆ, “ಸುಮಲತ ಗೆದ್ರೆ ಅರ್ಧ ಊರಿನ ಕೊಟ್ಟಿಗೆ ಖಾಲಿ. ಶಶಿ ಗೆದ್ರೆ ಇನ್ನರ್ಧ ಖಾಲಿ. ಇಬ್ರೂ ಗೆಲ್ದಿದ್ರೆ?” ಎಂದಳು.

ಒಡೆದ ಹಾಲಿನ ಮೇಲೆ ನೊಣ ಕೂರುತ್ತಿದ್ದವು. ಅರ್ಥ ಮೊದಲು ಆದದ್ದು ಅಶ್ವತ್ಥಮ್ಮನಿಗೆ. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ಕಿಸಕ್ಕೆಂದಳು. “ಬೇರೆ ಯಾರಾನ ಗೆದ್ರೆ ಬಾಜೀನೇ ಬಿದ್ದೋಯ್ತದೆ! ನೀಲಿಗೂ ಇಲ್ಲ, ಗುಲಾಬಿಗೂ ಇಲ್ಲ. ಅವರವರ ಅಸು ಅವರವರಿಗೆ!”

“ಯಾರು ನಿಲ್ಲೋರು ಮತ್ತೆ?”

ಎಲ್ಲರೂ ಅಮ್ಮನನ್ನು ನೋಡಿದರು. ಅಮ್ಮ ಕೈ ಆಡಿಸಿ ಬೇಡ ಬೇಡ ಎಂದಳು. ನಂಗೆ ಇಂಗ್ಲೀಷ್ ಬರಲ್ಲ, ಲೆಕ್ಕ ಬರಲ್ಲ, ಆಫೀಸರ ಮುಂದೆ ನಾಲಿಗೆ ಹೊರಳಲ್ಲ ಎಂದೆಲ್ಲ ಹೇಳಿದಳು. ಶಶಿರೇಖ ಎದ್ದು ಬಂದು ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತಳು. “ಅಕ್ಕಾ, ಟ್ಯಾಂಕ್ ಬೇಕು ಅಂತ ಕೇಳಕ್ಕೆ ನೀನು ನಮ್ಮನೇಗೆ ಬಂದಿದ್ಯಲ್ಲ. ಈ ಊರಲ್ಲಿ ಆಲಿನ ಮಾತು ಆಡಿದ್ದು ನೀನೊಬ್ಳೇ. ಅದನ್ನೇ ಕೋಲಾರದಲ್ಲೂ ಕೇಳು, ಸಾಕು.”

ಅಮ್ಮ ನನ್ನ ಮುಖ ನೋಡಿದಳು. ನಾನು ಹೂಂ ಎಂದು ತಲೆ ಆಡಿಸಿದೆ. ಈ ಗಡಿಬಿಡಿಯಲ್ಲಿ ಹಳದಿ ಪುಕ್ಕದ ಕೋಳಿಯನ್ನು ನಾವೆಲ್ಲರೂ ಮರೆತಿದ್ದೆವು.

ಮಾರನೆಯ ದಿನ ಬಂಗಾರಪೇಟೆಯಿಂದ ಚುನಾವಣಾಧಿಕಾರಿ ಬಂದರು. ಡೈರಿಯ ಒಳಗೆ ಹನ್ನೊಂದು ಜನ ಹೆಂಗಸರು, ಅಧಿಕಾರಿ ಮತ್ತು ನೀರು ಕೊಡಲು ನಾನು. ಹೊರಗೆ ಇಡೀ ಊರಿನ ಗಂಡಸರು. ಎರಡು ಪಕ್ಷದವರೂ ಒಂದೊಂದು ಸರ ಪಟಾಕಿ ತಂದಿದ್ದರು. ರಾಜ್‌ಕುಮಾರ್ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಸ್ಕೂಟರಿನ ಮೇಲೆ ಕೂತಿದ್ದ. ಅಪ್ಪ ಬೆಳಿಗ್ಗೆಯೇ ಅಶ್ವತ್ಥಮ್ಮನ ಹಸುವಿಗೆಂದು ಕೊಟ್ಟಿಗೆಯಲ್ಲಿ ಹೊಸ ಗೂಟ ಹೊಡೆದು ಬಂದಿದ್ದ.

ಮೂರು ಅರ್ಜಿ ಬಂದವು. ಮೂರನೆಯದು ಯಾರದು ಎಂದು ಹೊರಗೆ ಯಾರಿಗೂ ತಿಳಿಯಲಿಲ್ಲ. ವಾಪಸ್ ತೆಗೆದುಕೊಳ್ಳುವ ಹೊತ್ತು ಬಂದಾಗ ಸುಮಲತ ಎದ್ದು ವಾಪಸ್ ತೆಗೆದುಕೊಂಡಳು. ಅವಳ ಹಿಂದೆಯೇ ಶಶಿರೇಖ ಎದ್ದಳು. ಅಧಿಕಾರಿಗಳು ಕನ್ನಡಕ ಸರಿ ಮಾಡಿಕೊಂಡು, “ಇಬ್ರೂನಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಬಾಗಿಲಿಗೆ ಬಂದು, ಶ್ರೀಮತಿ ಅನಸೂಯಮ್ಮನವರು ಅವಿರೋಧವಾಗಿ ಅಧ್ಯಕ್ಷರಾಗಿ ಆಯ್ಕೆಯಾಗಿದ್ದಾರೆ ಎಂದು ಗಟ್ಟಿಯಾಗಿ ಓದಿದರು.

ಎರಡು ಪಕ್ಷದವರಲ್ಲಿ ಒಬ್ಬರೂ ಪಟಾಕಿ ಹಚ್ಚಲಿಲ್ಲ. ಮುನಿಸ್ವಾಮಪ್ಪ ಗಿರಿಯನ್ನು ನೋಡಿದ, ಗಿರಿ ಮುನಿಸ್ವಾಮಪ್ಪನನ್ನು ನೋಡಿದ, ಇಬ್ಬರೂ ಸೇರಿ ನಮ್ಮಪ್ಪನನ್ನು ನೋಡಿದರು. ಅಪ್ಪ ಬಾಯಿ ತೆರೆದಿದ್ದವನು ಮುಚ್ಚಲು ಮರೆತಿದ್ದ. ಹೆಂಗಸರು ಹೊರಗೆ ಬಂದು, ಬಾಜಿ ಬಿದ್ದುಹೋಯಿತು, ಕೊಂಬಿನ ಬಣ್ಣ ಒರೆಸಿ ಎಂದು ನಗಾಡತೊಡಗಿದರು.

ಆಗ ರಾಜ್‌ಕುಮಾರ್ ಸ್ಕೂಟರಿನಿಂದ ಇಳಿದ. ಮುಖ ಬಿಳಿಚಿಕೊಂಡಿತ್ತು. “ಬಾಜಿ ಬಿದ್ದೋಗಿಲ್ಲಮ್ಮ” ಎಂದ. “ಅನಸೂಯಮ್ಮನ ಮೇಲೆ ಒಬ್ರು ಕಟ್ಟಿದಾರೆ.”

ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಹೆಂಗಸರ ನಗು ನಿಂತೇಹೋಯಿತು. ಗುಂಪಿನ ಹಿಂದೆ ಕೋಲೂರಿಕೊಂಡು ಅಜ್ಜಿ ನಿಂತಿದ್ದಳು, ಕಂಕುಳಲ್ಲಿ ಕೋಳಿ.

“ಒಂದು ಕೋಳಿಗೆ ಇಡೀ ಊರಿನ ಅಸುನಾ? ಅದು ತಮಾಸೆಗೆ ಕಟ್ಟಿದ್ದು!” ಎಂದು ಮುನಿಸ್ವಾಮಪ್ಪ ಹಾರಾಡಿದ.

“ಕೋಳಿ ತಮಾಸೇನಾ? ನೀನು ಹೆಂಡ್ತಿ ಅಸು ಕಟ್ಟಿದ್ದು ತಮಾಸೇನಾ?” ಎಂದಳು ಅಜ್ಜಿ. “ಏನ್ಲಾ ರಾಜ್‌ಕುಮಾರ, ಮಾತು ಅಂದ್ರೆ ಮಾತು ಅಂದ್ಯಲ್ಲ. ನಿಮ್ ಲೈನೋರ್ನ ಓಗಿ ಕೇಳ್ಳಾ?”

ರಾಜ್‌ಕುಮಾರ್ ಕೈ ಮುಗಿದ. “ಬೇಡ ಪಾಟಿ. ಎಲ್ಲಾ ನಿಂದೇ.”

“ಅಂಗಾದ್ರೆ ಎಲ್ಲಾ ಅಸೂನೂ ನಮ್ಮನೆ ಮುಂದಕ್ಕೆ ತರ್ರಪ್ಪ. ಪಟಾಕಿ ಯಾಕ್ಲಾ ಅಂಗೇ ಇಟ್ಕೊಂಡಿದೀರಿ? ನನ್ ಸೊಸೆ ಗೆದ್ದವಳೆ, ಅಚ್ರೋ!”

ಊರಿನ ಗಂಡಸರು ಹಸುಗಳನ್ನು ಹಿಡಿದುಕೊಂಡು ಸಾಲಾಗಿ ನಮ್ಮ ಮನೆಗೆ ಬಂದ ಆ ಮೆರವಣಿಗೆಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ನೀಲಿ ಕೊಂಬು, ಗುಲಾಬಿ ಕೊಂಬು, ಅವುಗಳ ನಡುವೆ ಬಾಡಿದ ಮೀಸೆಗಳು. ಕೊಡದೆ ಇದ್ದರೆ ಮುಂದೆ ಈ ಊರಲ್ಲಿ ಯಾರೂ ತಮ್ಮ ಬಾಜಿ ಹಿಡಿಯುವುದಿಲ್ಲ ಎಂಬ ಭಯ ಅವರಿಗೆ. ಜೂಜಿನವರ ಮರ್ಯಾದೆ ಇರುವುದೇ ಅಲ್ಲಿ. ಹಿಂದೆ ಬಂದ ಹೆಂಗಸರು ಮಾತ್ರ ಅಜ್ಜಿಯ ಮುಖವನ್ನು ಹೆದರಿಕೊಂಡು ನೋಡುತ್ತಿದ್ದರು.

ಅಜ್ಜಿ ಜಗಲಿಯ ಮೇಲೆ ಕೂತು ಒಬ್ಬೊಬ್ಬನ ಕೈಯಿಂದಲೂ ಹಗ್ಗ ಇಸಿದುಕೊಂಡಳು. ಇಸಿದುಕೊಂಡು, “ಅಶ್ವತ್ಥಮ್ಮ, ಬಾ. ಇದು ನಿನ್ ಅಸು. ನಿನ್ ಕೈಗೆ ಕೊಡ್ತಾ ಇವ್ನಿ, ಇನ್ನು ಯಾರಾನ ಮುಟ್ಟುದ್ರೆ ನನ್ನ ಕೇಳು ಅನ್ನು” ಎಂದಳು. ಹೀಗೆಯೇ ಪ್ರತಿಯೊಂದು ಹಗ್ಗವನ್ನೂ ಗಂಡನಿಂದ ಇಸಿದು ಹೆಂಡತಿಗೆ ಕೊಟ್ಟಳು. ಶಶಿರೇಖ ಅಳುತ್ತಾ ನಕ್ಕಳು. ರಾಜ್‌ಕುಮಾರ್ ತನ್ನ ಕಮಿಷನ್ ಬಗ್ಗೆ ಮೆಲ್ಲಗೆ ಕೇಳಿದ. ಎಲ್ಲಾ ಕೊಂಬಿನ ಬಣ್ಣ ತೆಗೆದು ಹೋಗು, ಅದೇ ನಿನ್ನ ಕಮಿಷನ್ ಎಂದಳು ಅಜ್ಜಿ. ಪಾಪ, ಸೀಮೆಎಣ್ಣೆ, ಬಟ್ಟೆ ಹಿಡಿದು ಸಂಜೆಯ ತನಕ ಉಜ್ಜಿದ. ಡೈರಿಯ ಗೋಡೆಗೆ ಹೊಸ ಬೋರ್ಡು ಬರೆಯುವ ಕೆಲಸವನ್ನು ಅಮ್ಮ ಅವನಿಗೆ ಕೊಟ್ಟದ್ದು ಆಮೇಲೆ, ಅಧ್ಯಕ್ಷೆಯಾಗಿ ಅವಳ ಮೊದಲನೆಯ ತೀರ್ಮಾನ ಅದು. ಎರಡನೆಯದು ಟ್ಯಾಂಕಿನ ಅರ್ಜಿ. ಟ್ಯಾಂಕು ಇನ್ನೂ ಬಂದಿಲ್ಲ, ಆದರೆ ಕೋಲಾರದ ಆಫೀಸಿನಲ್ಲಿ ಅಮ್ಮನನ್ನು ಕಂಡರೆ ಈಗ ಕುರ್ಚಿ ಎಳೆದು ಕೊಡುತ್ತಾರೆ, ಅಷ್ಟು ಸಲ ಹೋಗಿ ಬಂದಿದ್ದಾಳೆ.

ಕೊನೆಗೆ ಉಳಿದದ್ದು ಸಂಪಂಗಿ. ಅಪ್ಪ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತಿದ್ದ. ಅಜ್ಜಿ ಹಗ್ಗ ಇಸಿದು ಅಮ್ಮನ ಕೈಗಿಟ್ಟಳು.

“ನಂಗೆ?” ಎಂದ ಅಪ್ಪ, ಮಗುವಿನ ಹಾಗೆ.

“ನೀನು ಕೋಳಿ ಇಟ್ಕೊ” ಎಂದು ಅಜ್ಜಿ ಅವನ ಕೈಗೆ ಕೋಳಿ ತುರುಕಿದಳು. ಊರೆಲ್ಲ ನಕ್ಕಿತು. ಅಪ್ಪನೂ ನಕ್ಕ, ನಗದೆ ಬೇರೆ ದಾರಿಯೂ ಇರಲಿಲ್ಲ. ಅಶ್ವತ್ಥಮ್ಮನ ಹಸುವಿಗೆಂದು ಹೊಡೆದಿದ್ದ ಗೂಟವನ್ನು ಅವತ್ತೇ ಅವನೇ ಕಿತ್ತ.

ಜನ ಎಲ್ಲ ಹೋದ ಮೇಲೆ ಅಮ್ಮ ಹಗ್ಗ ಹಿಡಿದುಕೊಂಡು ಜಗಲಿಯ ಮುಂದೆ ಇನ್ನೂ ನಿಂತಿದ್ದಳು.

“ಅತ್ತೆ, ನಾವು ಡೈರಿ ಮುಂದೆ ಮಾತಾಡಿದ್ದು ನಿನ್ನೆ. ನೀವು ಕೋಳಿ ಕಟ್ಟಿದ್ದು ಅದಕ್ಕೂ ಮುಂಚೆ. ನಾನು ನಿಲ್ತೀನಿ ಅಂತ ನಿಮ್ಗೆ ಎಂಗೆ ಗೊತ್ತಿತ್ತು?”

“ನಂಗೇನು ಗೊತ್ತು? ಗೊತ್ತಿರ್ಲಿಲ್ಲ” ಎಂದಳು ಅಜ್ಜಿ. ಎಲೆಗೆ ಸುಣ್ಣ ಸ್ವಲ್ಪ ಹೆಚ್ಚೇ ಸವರಿದಳು.

“ಮತ್ತೆ? ನಿಮ್ಗಿರೋದು ಅದೊಂದೇ ಕೋಳಿ. ಓಗಿದ್ರೆ?”

“ಓಗಿದ್ರೆ ಓಗ್ತಿತ್ತು.” ಅಜ್ಜಿ ಎಲೆ ಬಾಯಿಗಿಟ್ಟುಕೊಂಡು ಅತ್ತ ಮುಖ ತಿರುಗಿಸಿದಳು. “ಈ ಊರಲ್ಲಿ ಮಳೆ ಮೇಲೆ ಕಟ್ತಾರೆ, ಬಸ್ ಮೇಲೆ ಕಟ್ತಾರೆ, ಕಂಡೋರ ಹೆಂಡ್ರ ಮೇಲೆ ಕಟ್ತಾರೆ. ನೀನು ಈ ಮನೇಗೆ ಬಂದಾಗ್ಲಿಂದ ಕತ್ತೆ ಅಂಗೆ ದುಡಿತೀಯ. ನಿನ್ ಮೇಲೆ ಒಬ್ರಾದ್ರೂ ಕಟ್ಬೇಡ್ವೇನೇ?”

ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, ಸಂಪಂಗಿಯನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದಳು. ಆ ರಾತ್ರಿ ಅಜ್ಜಿ ಸಾರಿಗೆ ಉಪ್ಪು ಕಮ್ಮಿ ಎಂದಳು, ಅಮ್ಮ ಎದ್ದು ಹೋಗಿ ಉಪ್ಪಿನ ಜೊತೆಗೆ ಒಂದು ಚಮಚ ತುಪ್ಪವನ್ನೂ ತಂದು ಹಾಕಿದಳು.